ಕಂಪ್ಯೂಟರ್ ಪರದೆಯಲ್ಲಿ ಗೆರೆ, ಚುಕ್ಕೆ, ಮಿಣುಕು: ಕಾರ್ಡ್ ಬದಲಿಸೋ ಮುಂಚೆ ಅಂಗಡಿಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಗಳು

ನಾಳೆ ಬೆಳಗ್ಗೆ ಲಗ್ನಪತ್ರಿಕೆ ಪ್ರಿಂಟ್‌ಗೆ ಹೋಗಬೇಕು. ಗಿರಾಕಿ ಎದುರಿಗೇ ಕೂತಿದ್ದಾರೆ. ಅಷ್ಟರಲ್ಲಿ ಪರದೆ ತುಂಬಾ ಬಣ್ಣಬಣ್ಣದ ಗೆರೆ. ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸರಿ, ಆಮೇಲೆ ಮತ್ತೆ ಅದೇ ಕತೆ. ಡಿಟಿಪಿ ಸೆಂಟರ್, ಫೋಟೋ ಸ್ಟುಡಿಯೋ, ಜೆರಾಕ್ಸ್ ಅಂಗಡಿ, ಟ್ಯಾಲಿಯಲ್ಲಿ ಬಿಲ್ ಹಾಕೋ ಹೋಲ್‌ಸೇಲ್ ಅಂಗಡಿ, ಮೆಡಿಕಲ್ ಸ್ಟೋರ್, ಎಲ್ಲಿ ಹೋದರೂ ಈ ತೊಂದರೆ ಅನುಭವಿಸಿದವರು ಸಿಗ್ತಾರೆ.

ರಿಪೇರಿಯವರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಬರೋ ಉತ್ತರ ಎರಡು. ಒಂದು, "ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು." ಇನ್ನೊಂದು, "ಫಾರ್ಮ್ಯಾಟ್ ಹೊಡೀಬೇಕು." ಎರಡೂ ನಿಜ ಇರಬಹುದು, ಎರಡೂ ತಪ್ಪೂ ಇರಬಹುದು. ಕೇಬಲ್ ಸಡಿಲ ಆಗಿದ್ದಕ್ಕೆ ಹೊಸ ಕಾರ್ಡ್ ತಂದರೆ ಸಾವಿರಾರು ರೂಪಾಯಿ ದಂಡ. ಕಾರ್ಡ್ ಹಾಳಾಗಿದ್ದಕ್ಕೆ ಫಾರ್ಮ್ಯಾಟ್ ಹೊಡೆಸಿದರೆ ಹಣವೂ ಹೋಯ್ತು, ಬ್ಯಾಕಪ್ ಇಲ್ಲದಿದ್ದರೆ ವರ್ಷಗಳ ಲೆಕ್ಕವೂ ಹೋಯ್ತು. ಹಾಗಾಗಿ ದೋಷ ಎಲ್ಲಿದೆ ಅಂತ ಮೊದಲು ಗುರುತಿಸಬೇಕು, ದುಡ್ಡು ಬಿಚ್ಚೋದು ಆಮೇಲೆ. ಅದಕ್ಕೆ ಬೇಕಾದ ಪರೀಕ್ಷೆಗಳಿಗೆ ಖರ್ಚಿಲ್ಲ.

ಚಿತ್ರ ಪರದೆಗೆ ಬರೋ ದಾರಿ

ಪರದೆ ಮೇಲೆ ಕಾಣೋ ಪ್ರತಿ ಚಿತ್ರವೂ ಐದು ಮೆಟ್ಟಿಲು ದಾಟಿ ಬರುತ್ತೆ.

1. ಪ್ರೋಗ್ರಾಂ: ಫೋಟೋಶಾಪ್, ಕ್ರೋಮ್, ಟ್ಯಾಲಿ ಇತ್ಯಾದಿ.
2. ಡ್ರೈವರ್: ವಿಂಡೋಸ್‌ಗೂ ಗ್ರಾಫಿಕ್ಸ್ ಚಿಪ್‌ಗೂ ನಡುವೆ ದುಭಾಷಿ ಕೆಲಸ ಮಾಡೋ ಸಾಫ್ಟ್‌ವೇರ್.
3. ಗ್ರಾಫಿಕ್ಸ್ ಚಿಪ್ ಮತ್ತು ಅದರ ಮೆಮೊರಿ: ಇದು ಬೇರೆ ಕಾರ್ಡ್ ಆಗಿರಬಹುದು, ಇಲ್ಲವೇ ಪ್ರೊಸೆಸರ್ ಒಳಗೇ ಇರಬಹುದು. ಒಳಗೇ ಇದ್ದರೆ ಅದು ಕಂಪ್ಯೂಟರ್‌ನ ರ‍್ಯಾಮ್‌ನಲ್ಲೇ ಒಂದು ಪಾಲು ಬಳಸಿಕೊಳ್ಳುತ್ತೆ.
4. ಕೇಬಲ್: ವಿಜಿಎ, ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್.
5. ಮಾನಿಟರ್.

ಐದರಲ್ಲಿ ಯಾವ ಮೆಟ್ಟಿಲಲ್ಲಿ ಕೆಟ್ಟರೂ ನಮ್ಮ ಕಣ್ಣಿಗೆ ಕಾಣೋದು "ಪರದೆ ಸರಿ ಇಲ್ಲ" ಅಂತಲೇ. ಕೆಳಗಿನ ಪರೀಕ್ಷೆಗಳು ಒಂದೊಂದೇ ಮೆಟ್ಟಿಲನ್ನು ಅನುಮಾನದಿಂದ ಹೊರಗೆ ಹಾಕುತ್ತವೆ.

ಶುರು ಮಾಡೋ ಮುಂಚೆ ಎರಡು ಕೆಲಸ

ಪರದೆ ಒಂದಿಷ್ಟಾದರೂ ಕಾಣ್ತಿದ್ದರೆ ಮೊದಲು ಬ್ಯಾಕಪ್ ತೆಗೀರಿ. ಟ್ಯಾಲಿ ಇದ್ದರೆ ಅದರೊಳಗಿನ ಬ್ಯಾಕಪ್ ಮೂಲಕವೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಗಿರಾಕಿಗಳ ಡಿಸೈನ್ ಫೈಲ್‌ಗಳನ್ನೂ ಕಾಪಿ ಮಾಡಿ.

ಎರಡನೇದು, ತೊಂದರೆ ಕಾಣಿಸಿಕೊಂಡಾಗಲೇ ಮೊಬೈಲ್‌ನಲ್ಲಿ ಫೋಟೋ ಇಲ್ಲಾ ವಿಡಿಯೋ ತೆಗೆದಿಡಿ. ರಿಪೇರಿ ಅಂಗಡಿ ಟೇಬಲ್ ಮೇಲೆ ಇಟ್ಟಾಗ ಎಲ್ಲಾ ಸರಿಯಾಗೇ ಓಡೋದು, ಮನೆಗೆ ತಂದ ಮೇಲೆ ಮತ್ತೆ ಕೆಡೋದು ಮಾಮೂಲಿ. ಆಗ ಈ ವಿಡಿಯೋನೇ ಸಾಕ್ಷಿ.

ಪರೀಕ್ಷೆ 1: ಮಾನಿಟರ್ ಮೆನು

ಮಾನಿಟರ್ ಕೆಳಗೆ ಅಥವಾ ಹಿಂದೆ ಇರೋ ಬಟನ್ ಒತ್ತಿ, ಬ್ರೈಟ್‌ನೆಸ್, ಕಾಂಟ್ರಾಸ್ಟ್ ಬರೋ ಮೆನು ತೆರೀರಿ. ಈ ಮೆನು ಕಂಪ್ಯೂಟರ್‌ನಿಂದ ಬರೋದಲ್ಲ, ಮಾನಿಟರ್ ತಾನೇ ಬರೆಯೋದು. ಗೆರೆ ಮೆನು ಮೇಲೂ ಹಾದು ಹೋಗಿದ್ದರೆ, ಮೆನು ಅಕ್ಷರಗಳೂ ನಡುಗ್ತಿದ್ದರೆ, ದೋಷ ಮಾನಿಟರ್‌ನದ್ದೇ. ಸಿಪಿಯು ಪೆಟ್ಟಿಗೆ ಹೊತ್ತುಕೊಂಡು ಹೋಗೋ ಅಗತ್ಯವೇ ಇಲ್ಲ.

ಇನ್ನೊಂದು ರೀತಿ: ಮಾನಿಟರ್ ಆನ್ ಇರುವಾಗಲೇ ಸಿಗ್ನಲ್ ಕೇಬಲ್ ಕಿತ್ತುಬಿಡಿ. "ನೋ ಸಿಗ್ನಲ್" ಅಂತ ಬರುವಾಗಲೂ ಗೆರೆ ಕಂಡರೆ ಮಾನಿಟರ್ ಪ್ಯಾನೆಲ್ ಕೈಕೊಟ್ಟಿದೆ ಅಂತ ಅರ್ಥ.

ಪರೀಕ್ಷೆ 2: ಸ್ಕ್ರೀನ್‌ಶಾಟ್

ತೊಂದರೆ ಕಾಣ್ತಿರುವಾಗಲೇ ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿ. ಪಿಕ್ಚರ್ಸ್ ಫೋಲ್ಡರ್ ಒಳಗಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಚಿತ್ರ ಸೇವ್ ಆಗುತ್ತೆ. ಅದನ್ನು ವಾಟ್ಸಾಪ್‌ನಲ್ಲಿ ನಿಮ್ಮ ಮೊಬೈಲ್‌ಗೇ ಕಳಿಸಿ, ಮೊಬೈಲ್‌ನಲ್ಲಿ ತೆರೆದು ನೋಡಿ. ಕಂಪ್ಯೂಟರ್‌ನಲ್ಲೇ ನೋಡಿದರೆ ಪ್ರಯೋಜನ ಇಲ್ಲ.

ಮೊಬೈಲ್‌ನಲ್ಲಿ ಚಿತ್ರ ಶುದ್ಧವಾಗಿದ್ದರೆ ಹೆಚ್ಚಾಗಿ ದೋಷ ಕೇಬಲ್ ಅಥವಾ ಮಾನಿಟರ್ ಕಡೆ ಇದೆ. ಮೊಬೈಲ್‌ನಲ್ಲೂ ಗೆರೆ, ಚೌಕಳಿ, ಹರಿದ ಚಿತ್ರ ಕಂಡರೆ ಪ್ರೋಗ್ರಾಂ, ಡ್ರೈವರ್ ಅಥವಾ ಕಾರ್ಡ್ ಕಡೆ ನೋಡಬೇಕು.

ಪರೀಕ್ಷೆ 3: ವಿಂಡೋಸ್ ಬರೋ ಮುಂಚಿನ ಪರದೆ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇರಿ. ಎಚ್‌ಪಿ ಆದರೆ ಎಫ್10. ಬಯೋಸ್ ಪರದೆ ತೆರೆಯುತ್ತೆ. ಏನನ್ನೂ ಬದಲಾಯಿಸಬೇಡಿ, ಐದು ನಿಮಿಷ ಹಾಗೇ ಬಿಟ್ಟು ನೋಡಿ.

ಇಲ್ಲಿ ವಿಂಡೋಸ್ ಇನ್ನೂ ಶುರು ಆಗಿಲ್ಲ, ವಿಂಡೋಸ್‌ನ ಡ್ರೈವರೂ ಇಲ್ಲ. ಇಲ್ಲೇ ಗೆರೆ ಕಂಡರೆ ತಪ್ಪು ಸಾಫ್ಟ್‌ವೇರ್‌ನದ್ದಲ್ಲ. ಈ ಮಾತು ನೆನಪಿಟ್ಟುಕೊಳ್ಳಿ: ಬಯೋಸ್‌ನಲ್ಲೇ ಗೆರೆ ಇದ್ದರೆ ಫಾರ್ಮ್ಯಾಟ್ ಹೊಡೆಸಿದರೂ ಗೆರೆ ಹೋಗಲ್ಲ. ಬಯೋಸ್ ಸರಿ ಇದ್ದು ವಿಂಡೋಸ್ ಬಂದ ಮೇಲೆ ಕೆಟ್ಟರೆ ಮೊದಲ ಅನುಮಾನ ಡ್ರೈವರ್ ಮೇಲೆ. ಆದರೆ ಕೆಲಸದ ಒತ್ತಡ ಬಿದ್ದಾಗ ಮಾತ್ರ ಕೆಡೋ ಕಾರ್ಡೂ ಇರುತ್ತೆ. ಅದಕ್ಕೇ ಮುಂದಿನ ಪರೀಕ್ಷೆ.

ಪರೀಕ್ಷೆ 4: ಸೇಫ್ ಮೋಡ್

ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಈ ಕ್ರಮದಲ್ಲಿ ಹೋಗಿ. ಮತ್ತೆ ಆನ್ ಆದಾಗ 4 ಒತ್ತಿ. ಬಿಟ್‌ಲಾಕರ್ ಹಾಕಿರೋ ಕಂಪ್ಯೂಟರ್ ಆದರೆ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಸೇಫ್ ಮೋಡ್‌ನಲ್ಲಿ ವಿಂಡೋಸ್ ನಿಮ್ಮ ಕಾರ್ಡ್‌ನ ಡ್ರೈವರ್ ಬಿಟ್ಟು ತನ್ನದೇ ಸಾದಾ ಡ್ರೈವರ್ ಬಳಸುತ್ತೆ. ಅಕ್ಷರ ದಪ್ಪಗೆ, ಪರದೆ ಒಡ್ಡಾಗಿ ಕಾಣೋದು ಸಹಜ. ಅಲ್ಲಿ ಅರ್ಧ ಗಂಟೆ ಏನೂ ಆಗದೆ, ಮಾಮೂಲಿ ವಿಂಡೋಸ್‌ಗೆ ಬಂದ ಕೂಡಲೇ ಕೆಟ್ಟರೆ ಡ್ರೈವರ್ ಕಡೆ ಹೋಗಿ.

ಕೇಬಲ್, ಮಾನಿಟರ್ ಕಡೆ ಅನುಮಾನ ಬಂದರೆ

ಎರಡೂ ತುದಿ ಕಿತ್ತು ಮತ್ತೆ ಗಟ್ಟಿಯಾಗಿ ಹಾಕಿ. ವಿಜಿಎ ಆದರೆ ಎರಡೂ ಸ್ಕ್ರೂ ತಿರುಗಿಸಿ ಬಿಗಿ ಮಾಡಿ. ಪಕ್ಕದ ಅಂಗಡಿಯಿಂದ ಒಂದು ಕೇಬಲ್ ಇಸ್ಕೊಂಡು ಬದಲಿಸಿ ನೋಡೋದು ಎಲ್ಲಕ್ಕಿಂತ ಸುಲಭ. ಮಾನಿಟರ್ ಬದಲು ಎಚ್‌ಡಿಎಂಐ ಇರೋ ಟಿವಿಗೆ ಜೋಡಿಸಿಯೂ ನೋಡಬಹುದು.

*ಬಣ್ಣ ಬದಲಾಗಿದ್ದರೆ:* ವಿಜಿಎ ಕೇಬಲ್‌ನಲ್ಲಿ ಕೆಂಪು, ಹಸಿರು, ನೀಲಿ ಬಣ್ಣಕ್ಕೆ ಬೇರೆ ಬೇರೆ ತಂತಿ. ನೀಲಿ ತಂತಿ ಕಡಿದರೆ ಬಿಳಿ ಜಾಗ ಹಳದಿ ಆಗುತ್ತೆ. ಹಸಿರು ಹೋದರೆ ನೇರಳೆಗೆಂಪು, ಕೆಂಪು ಹೋದರೆ ತಿಳಿನೀಲಿ. ಪ್ಲಗ್ ಒಳಗೆ ಬಗ್ಗಿದ ಪಿನ್ ಇದೆಯಾ ನೋಡಿ. ಸಂಜೆ ಮಾತ್ರ ಪರದೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ವಿಂಡೋಸ್‌ನ ನೈಟ್ ಲೈಟ್. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಆಯ್ತು.

*ಅಲೆ ಅಲೆಯಾಗಿ ಗೆರೆ ಮೇಲೆ ಕೆಳಗೆ ಹೋಗ್ತಿದ್ದರೆ:* ವಿಜಿಎಯಲ್ಲಿ ಇದು ಅರ್ಥಿಂಗ್ ತೊಂದರೆಯಿಂದಲೂ ಬರುತ್ತೆ. ಸಿಪಿಯು, ಮಾನಿಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ, ಮೂರು ಪಿನ್ ಪ್ಲಗ್‌ನಲ್ಲೇ ಹಾಕಿ. ಸಿಪಿಯು ಪೆಟ್ಟಿಗೆ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತಿದ್ದರೆ ಅಂಗಡಿಯ ಅರ್ಥಿಂಗ್ ಸರಿ ಇಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಇದು ಪರದೆ ವಿಷಯಕ್ಕಿಂತ ಜೀವದ ವಿಷಯ.

*ಬಿಳಿ ಚುಕ್ಕೆ ಮಿನುಗಿದರೆ, ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬಂದರೆ:* ಎಚ್‌ಡಿಎಂಐನಲ್ಲಿ ಮೊದಲು ಕೇಬಲ್ ಬದಲಿಸಿ ನೋಡಿ. ಉದ್ದದ ಅಗ್ಗದ ಕೇಬಲ್‌ನಲ್ಲಿ ಇದು ಹೆಚ್ಚು.

*ಕಾರ್ಡ್ ಹಾಕಿಸಿದ ಮೇಲೆ ಪರದೆ ಬರ್ತಾನೇ ಇಲ್ಲ:* ಕೇಬಲ್ ಎಲ್ಲಿ ಹಾಕಿದ್ದೀರಿ ನೋಡಿ. ಯುಎಸ್‌ಬಿ ಪೋರ್ಟ್‌ಗಳ ಹತ್ತಿರ ಇರೋದು ಮದರ್‌ಬೋರ್ಡ್‌ನದ್ದು. ಕಾರ್ಡ್‌ನ ಪೋರ್ಟ್ ಅದಕ್ಕಿಂತ ಕೆಳಗೆ ಅಡ್ಡಡ್ಡವಾಗಿ ಇರುತ್ತೆ. ಕೇಬಲ್ ಅಲ್ಲಿ ಹಾಕಬೇಕು.

ಡ್ರೈವರ್ ಕಡೆ ಅನುಮಾನ ಬಂದರೆ

ಪರದೆ ಏಕಾಏಕಿ ನಿಂತರೆ ಅಥವಾ ಕಪ್ಪಾದರೆ ಪವರ್ ಬಟನ್‌ಗೆ ಕೈ ಹಾಕೋ ಮುಂಚೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಮಿಣುಕಿ ಡ್ರೈವರ್ ಮಾತ್ರ ಹೊಸದಾಗಿ ಶುರು ಆಗುತ್ತೆ. ತೆರೆದಿರೋ ಫೈಲ್ ಹಾಗೇ ಉಳಿಯುತ್ತೆ. ಇದರಿಂದ ಪರದೆ ವಾಪಸ್ ಬಂದರೆ ತಕ್ಷಣ ಸೇವ್ ಮಾಡಿಕೊಳ್ಳಿ.

ಮಿಣುಕು ಬರ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೀರಿ. ಎಲ್ಲದರ ಜೊತೆ ಟಾಸ್ಕ್ ಮ್ಯಾನೇಜರೂ ಮಿಣುಕಿದರೆ ಡ್ರೈವರ್ ತೊಂದರೆ. ಬೇರೆ ಎಲ್ಲಾ ಮಿಣುಕಿ ಟಾಸ್ಕ್ ಮ್ಯಾನೇಜರ್ ಮಾತ್ರ ಸ್ಥಿರವಾಗಿದ್ದರೆ ಯಾವುದೋ ಒಂದು ಪ್ರೋಗ್ರಾಂ ತೊಂದರೆ. ಇದು ಮೈಕ್ರೋಸಾಫ್ಟ್ ಕಂಪನಿಯೇ ಹೇಳೋ ಪರೀಕ್ಷೆ.

ಮುಂದೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ.

- "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಸರಿಯಾದ ಡ್ರೈವರ್ ಇಲ್ಲ. ಪರದೆ ನಿಧಾನ, ರೆಸಲ್ಯೂಷನ್ ಕಮ್ಮಿ ಆಗೋಕೆ ಇದೇ ಕಾರಣ.
- ಹಳದಿ ಗುರುತು ಇದ್ದು ಪ್ರಾಪರ್ಟೀಸ್‌ನಲ್ಲಿ ಕೋಡ್ 43 ಅಂತಿದ್ದರೆ ವಿಂಡೋಸ್ ಆ ಕಾರ್ಡನ್ನು ನಿಲ್ಲಿಸಿಬಿಟ್ಟಿದೆ. ಡ್ರೈವರ್ ಹೊಸದಾಗಿ ಹಾಕಿದ ಮೇಲೂ ಬಂದರೆ ಕಾರ್ಡ್ ಮೇಲೆ ಅನುಮಾನ.
- ವಿಂಡೋಸ್ ಅಪ್‌ಡೇಟ್ ಆದ ಮಾರನೇ ದಿನದಿಂದ ತೊಂದರೆ ಶುರುವಾಗಿದ್ದರೆ ಪ್ರಾಪರ್ಟೀಸ್, ಡ್ರೈವರ್, ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಿಂದಿನದಕ್ಕೆ ವಾಪಸ್ ಹೋಗಿ.

ಹೊಸ ಡ್ರೈವರನ್ನು ಇಂಟೆಲ್, ಎಎಂಡಿ, ಎನ್ವಿಡಿಯಾ ಅಥವಾ ನಿಮ್ಮ ಕಂಪ್ಯೂಟರ್ ಕಂಪನಿಯ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. "ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಅನ್ನೋ ಜಾಹೀರಾತಿನ ಸಾಫ್ಟ್‌ವೇರ್ ಬೇಡ, ಅದರ ಜೊತೆ ಬೇಡದ್ದೆಲ್ಲಾ ಬರುತ್ತೆ. ಹೊಸದನ್ನು ಇಳಿಸಿಟ್ಟುಕೊಂಡ ಮೇಲೇ ಹಳೇದನ್ನು ಅನ್‌ಇನ್‌ಸ್ಟಾಲ್ ಮಾಡಿ. ಎಲ್ಲಕ್ಕಿಂತ ಹೊಸದೇ ಒಳ್ಳೇದು ಅಂತಲೂ ಇಲ್ಲ. ಜಿಟಿ 710 ತರದ ಹಳೇ ಕಾರ್ಡ್‌ಗೆ 470 ಸರಣಿಯ ಡ್ರೈವರೇ ಬೇಕು, ಹೊಸ ಸರಣಿಗಳು ಅದನ್ನು ಗುರುತಿಸಲ್ಲ.

ರಿಪೇರಿಯವರಿಗೆ ತೋರಿಸೋಕೆ ಒಂದು ದಾಖಲೆ ಕಂಪ್ಯೂಟರ್ ಒಳಗೇ ಇರುತ್ತೆ. ಇವೆಂಟ್ ವ್ಯೂವರ್‌ನ ವಿಂಡೋಸ್ ಲಾಗ್ಸ್, ಸಿಸ್ಟಂ ಪಟ್ಟಿಯಲ್ಲಿ 4101 ಸಂಖ್ಯೆ ಹುಡುಕಿ. ಡ್ರೈವರ್ ಉತ್ತರ ಕೊಡದೆ ನಿಂತು, ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿದಾಗ ಈ ದಾಖಲೆ ಬೀಳುತ್ತೆ. ದಿನಾಂಕ, ಸಮಯ ಎಲ್ಲಾ ಅಲ್ಲೇ ಇರುತ್ತೆ.

ಒಂದೇ ಪ್ರೋಗ್ರಾಂನಲ್ಲಿ ಮಾತ್ರ ತೊಂದರೆ ಇದ್ದರೆ

ಬೇರೆಲ್ಲಾ ಸರಿ ಇದ್ದು ಕ್ರೋಮ್‌ನಲ್ಲಿ ಮಾತ್ರ ಪುಟ ಕಪ್ಪಾಗೋದು, ಹರಿದಂತೆ ಕಾಣೋದು ಆದರೆ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆಫ್ ಮಾಡಿ ಕ್ರೋಮ್ ಮತ್ತೆ ತೆರೀರಿ. ಫೋಟೋಶಾಪ್‌ನಲ್ಲಿ ಆದರೆ ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್‌ನಲ್ಲಿ ಯೂಸ್ ಗ್ರಾಫಿಕ್ಸ್ ಪ್ರೊಸೆಸರ್ ಟಿಕ್ ತೆಗೆದು ನೋಡಿ. ಕೆಲಸ ಸ್ವಲ್ಪ ನಿಧಾನ ಆಗಬಹುದು, ಆದರೆ ಅವತ್ತಿನ ಆರ್ಡರ್ ಮುಗಿಯುತ್ತೆ.

ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಹೊಸ ಮಾನಿಟರ್‌ನಲ್ಲಿ ಮಸುಕಾಗಿ ಕಂಡರೆ ಅದು ಸ್ಕೇಲಿಂಗ್ ಸಮಸ್ಯೆ. ಆ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗಿನ ಓವರ್‌ರೈಡ್ ಟಿಕ್ ಮಾಡಿ. ಇಡೀ ಪರದೆಯೇ ಮಸುಕಾಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಕಮೆಂಡೆಡ್ ಅಂತಿರೋ ರೆಸಲ್ಯೂಷನ್ ಆರಿಸಿ.

ಕನ್ನಡ ಅಕ್ಷರ ಒಡೆದು ಕಂಡರೆ?

ಇದನ್ನೂ ಗ್ರಾಫಿಕ್ಸ್ ದೋಷ ಅಂತ ತಿಳಿಯೋರು ಇದ್ದಾರೆ. ಕನ್ನಡದ ಜಾಗದಲ್ಲಿ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಆ ಫೈಲನ್ನು ನುಡಿ ಅಥವಾ ಬರಹದ ಹಳೇ ಮಾದರಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ನಿಮ್ಮಲ್ಲಿ ಆ ಫಾಂಟ್ ಇಲ್ಲ ಅಂತ ಅರ್ಥ. ಅದೇ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಚೌಕ ಡಬ್ಬಿಗಳು ಕಂಡರೆ ಆರಿಸಿದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ.

ಹಳೇ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಒತ್ತಕ್ಷರ ಪಕ್ಕಕ್ಕೆ ಸರಿದು ಕೂತರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಸೌತ್ ಏಷ್ಯನ್ ಅಥವಾ ವರ್ಲ್ಡ್ ರೆಡಿ ಆಯ್ಕೆ ಮಾಡಿ, ಫೋಟೋಶಾಪ್ ಮುಚ್ಚಿ ತೆರೆದು ಹೊಸ ಫೈಲ್‌ನಲ್ಲಿ ನೋಡಿ. ಇದ್ಯಾವುದಕ್ಕೂ ಕಾರ್ಡ್ ಬದಲಿಸಬೇಕಾಗಿಲ್ಲ.

ಕಾರ್ಡ್, ರ‍್ಯಾಮ್, ಬಿಸಿ, ಧೂಳು

ಆನ್ ಮಾಡಿದಾಗ ಸರಿ ಇದ್ದು ಅರ್ಧ ಗಂಟೆ ಆದ ಮೇಲೆ ಕೆಡೋದು ಬಿಸಿಯ ಲಕ್ಷಣ. ಬೇರೆ ಕಾರ್ಡ್ ಇದ್ದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಕೆಳಗೆ ಉಷ್ಣಾಂಶ ಕಾಣುತ್ತೆ. ಕೆಲಸ ಮಾಡುವಾಗ 60ರಿಂದ 80 ಡಿಗ್ರಿ ಮಾಮೂಲಿ. 90 ದಾಟುತ್ತಿದ್ದರೆ ಧೂಳು ತೆಗೆಸಬೇಕು, ಫ್ಯಾನ್ ತಿರುಗ್ತಿದೆಯಾ ನೋಡಬೇಕು. ರಸ್ತೆ ಪಕ್ಕದ ಅಂಗಡಿ, ಹಿಟ್ಟಿನ ಗಿರಣಿ ಹತ್ತಿರದ ಅಂಗಡಿಗಳಲ್ಲಿ ಪೆಟ್ಟಿಗೆ ಒಳಗೆ ಧೂಳು ಬೇಗ ಕಟ್ಟುತ್ತೆ. ಸಿಪಿಯು ಪೆಟ್ಟಿಗೆ ಗೋಡೆಗೆ ಅಂಟಿಸಿ, ಮೇಲೆ ಫೈಲ್ ಪೇರಿಸಿ ಇಡಬೇಡಿ.

ನೀವೇ ಸ್ವಚ್ಛ ಮಾಡೋದಾದರೆ:

- ವೈರ್ ಗೋಡೆಯಿಂದ ಕಿತ್ತು, ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ.
- ಒಳಗೆ ಕೈ ಹಾಕೋ ಮುಂಚೆ ಪೆಟ್ಟಿಗೆಯ ಕಬ್ಬಿಣದ ಭಾಗ ಮುಟ್ಟಿ.
- ಬ್ಲೋವರ್ ಊದುವಾಗ ಫ್ಯಾನ್ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಹಾಳಾಗುತ್ತೆ.
- ಕಾರ್ಡ್ ಮತ್ತು ರ‍್ಯಾಮ್ ತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, "ಟಕ್" ಅನ್ನೋ ತನಕ ಒತ್ತಿ ಕೂರಿಸಿ.
- ಕಾರ್ಡ್‌ಗೆ 6 ಅಥವಾ 8 ಪಿನ್ ಪವರ್ ವೈರ್ ಇದ್ದರೆ ಅದೂ ಗಟ್ಟಿಯಾಗಿರಲಿ.
- ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತೆ.

ಬೇರೆ ಕಾರ್ಡ್ ಇಲ್ಲದ ಕಂಪ್ಯೂಟರ್ ಆದರೆ ರ‍್ಯಾಮ್ ದೋಷವೂ ಪರದೆ ಮೇಲೆ ಕಾಣಬಹುದು. ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದೇ ಹಾಕಿ ನೋಡಿ.

ಹಣ ಉಳಿಸೋ ಪರೀಕ್ಷೆ

ಕಾರ್ಡ್ ಇರೋ ಕಂಪ್ಯೂಟರ್ ಆದರೆ ಇದನ್ನು ಮಾಡದೆ ಹೊಸ ಕಾರ್ಡ್ ತರಬೇಡಿ. ಕಾರ್ಡ್ ಪೂರ್ತಿ ತೆಗೆದು, ಕೇಬಲನ್ನು ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿ ಆನ್ ಮಾಡಿ. ಪರದೆ ಶುದ್ಧವಾಗಿ ಬಂದರೆ ಎರಡು ವಿಷಯ ಗೊತ್ತಾಗುತ್ತೆ: ಅನುಮಾನ ಕಾರ್ಡ್ ಮತ್ತು ಅದಕ್ಕೆ ಹೋಗೋ ಪವರ್ ಮೇಲೆ ಮಾತ್ರ ಉಳಿಯಿತು, ಮತ್ತು ನಿಮ್ಮ ಕೆಲಸ ಕಾರ್ಡ್ ಇಲ್ಲದೆಯೂ ನಡೆಯುತ್ತೆ. ಬಿಲ್ಲಿಂಗ್, ಟ್ಯಾಲಿ, ಜಿಎಸ್‌ಟಿ ರಿಟರ್ನ್, ಆನ್‌ಲೈನ್ ಅರ್ಜಿ, ಸಾಮಾನ್ಯ ಡಿಟಿಪಿ ಕೆಲಸಕ್ಕೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಸಾಕು. ವಿಡಿಯೋ ಎಡಿಟಿಂಗ್, ದೊಡ್ಡ ಆಲ್ಬಂ ಕೆಲಸ ಮಾಡೋ ಸ್ಟುಡಿಯೋದವರಿಗೆ ಮಾತ್ರ ಕಾರ್ಡ್ ಬೇಕಾಗುತ್ತೆ.

ಎಲ್ಲಾ ಪ್ರೊಸೆಸರ್‌ನಲ್ಲೂ ಈ ಸೌಲಭ್ಯ ಇಲ್ಲ. ಇಂಟೆಲ್ ಐ5-12400ಎಫ್ ತರ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ. ಎಎಂಡಿ ರೈಜನ್ 5 3600, 5600ರಲ್ಲೂ ಇಲ್ಲ. ಇವುಗಳಲ್ಲಿ ಕಾರ್ಡ್ ತೆಗೆದರೆ ಪರದೆ ಬರೋದೇ ಇಲ್ಲ. ಅದನ್ನು ನೋಡಿ ಮದರ್‌ಬೋರ್ಡ್ ಹೋಯ್ತು ಅಂತ ಗಾಬರಿ ಬೀಳಬೇಡಿ.

ರಿಪೇರಿ ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನೀವು ಮಾಡಿದ ಪರೀಕ್ಷೆಗಳ ಫಲಿತಾಂಶ ಚೀಟಿಯಲ್ಲಿ ಬರೆದು ಕೊಡಿ. "ಬಯೋಸ್‌ನಲ್ಲಿ ಸರಿ, ಸೇಫ್ ಮೋಡ್‌ನಲ್ಲಿ ಸರಿ, ಸ್ಕ್ರೀನ್‌ಶಾಟ್‌ನಲ್ಲಿ ಗೆರೆ ಇದೆ" ಅಂದರೆ ಒಳ್ಳೇ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ. ಬಿಡಿಭಾಗ ಬದಲಿಸಿದರೆ ಹಳೇದನ್ನು ವಾಪಸ್ ಕೇಳಿ. ವಾರಂಟಿ ಇದೆಯಾ ಅಂತ ಬಿಲ್ ತೆಗೆದು ನೋಡಿ.

"ಚಿಪ್‌ಗೆ ಹೀಟ್ ಕೊಟ್ಟು ಸರಿ ಮಾಡ್ತೀವಿ" ಅಂದರೆ ಎಷ್ಟು ದಿನದ ಗ್ಯಾರಂಟಿ ಅಂತ ಬರೆಸಿಕೊಳ್ಳಿ. ಹೀಟ್ ಕೊಟ್ಟ ಕಾರ್ಡ್ ಸ್ವಲ್ಪ ಕಾಲ ಓಡಿ ಮತ್ತೆ ನಿಲ್ಲೋದೇ ಹೆಚ್ಚು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಎಥಿರಿಯಂ ನಾಣ್ಯಕ್ಕೆ ಕಾರ್ಡ್ ಬಳಸಿ ಮೈನಿಂಗ್ ಮಾಡೋದು 2022ರ ಸೆಪ್ಟೆಂಬರ್‌ನಲ್ಲಿ ನಿಂತ ಮೇಲೆ ಹಗಲು ರಾತ್ರಿ ಓಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಹಳೇ ಚಿಪ್‌ಗೆ ಹೊಸ ಹೆಸರು ಹಾಕಿ ಮಾರೋ ನಕಲಿ ಕಾರ್ಡ್‌ಗಳೂ ಇವೆ. ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿ ನೋಡಿ. ಇಂಥ ಎನ್ವಿಡಿಯಾ ನಕಲಿಗಳ ಹೆಸರಿನ ಜೊತೆ "ಫೇಕ್" ಅಂತ ತೋರಿಸುತ್ತೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಜಿಎಸ್‌ಟಿ ಬಿಲ್ ಇರಲಿ. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಬಿಲ್ ಇಲ್ಲದಿದ್ದರೆ ದೂರಿಗೆ ಬಲ ಇರಲ್ಲ.

ಕ್ಯಾಷ್ ಟೇಬಲ್ ಹತ್ತಿರ ಅಂಟಿಸಿಕೊಳ್ಳಿ

- ಮಾನಿಟರ್ ಮೆನುವಿನಲ್ಲೂ ಗೆರೆ: ಮಾನಿಟರ್.
- ಸ್ಕ್ರೀನ್‌ಶಾಟ್ ಶುದ್ಧ, ಪರದೆ ಕೊಳಕು: ಕೇಬಲ್ ಮೊದಲು, ಮಾನಿಟರ್ ಆಮೇಲೆ.
- ಬಯೋಸ್‌ನಲ್ಲೇ ಗೆರೆ, ಮಾನಿಟರ್ ಮತ್ತು ಕೇಬಲ್ ಸರಿ ಇವೆ: ಕಾರ್ಡ್ ಅಥವಾ ರ‍್ಯಾಮ್. ಫಾರ್ಮ್ಯಾಟ್ ಬೇಡ.
- ಸೇಫ್ ಮೋಡ್‌ನಲ್ಲಿ ಸರಿ, ಮಾಮೂಲಿಯಲ್ಲಿ ಕೆಡುತ್ತೆ: ಡ್ರೈವರ್.
- ಒಂದೇ ಪ್ರೋಗ್ರಾಂನಲ್ಲಿ ತೊಂದರೆ: ಆ ಪ್ರೋಗ್ರಾಂನ ಸೆಟ್ಟಿಂಗ್.
- ಅರ್ಧ ಗಂಟೆ ಆದ ಮೇಲೆ ಕೆಡುತ್ತೆ: ಬಿಸಿ, ಧೂಳು, ಫ್ಯಾನ್.
- ಬಿಳಿ ಜಾಗ ಹಳದಿ ಅಥವಾ ನೇರಳೆ: ವಿಜಿಎ ಕೇಬಲ್.
- ಕನ್ನಡ ಅಕ್ಷರ ಮಾತ್ರ ಒಡೆದಿದೆ: ಫಾಂಟ್.

ಇಷ್ಟೆಲ್ಲಾ ನೋಡಿದ ಮೇಲೂ ಕಾರ್ಡೇ ಹೋಗಿದೆ ಅಂತ ಖಾತ್ರಿಯಾದರೆ ಬದಲಿಸಲೇಬೇಕು. ಆದರೆ ಆಗ ನೀವು ಖರ್ಚು ಮಾಡೋ ಹಣ ಸರಿಯಾದ ಜಾಗಕ್ಕೇ ಹೋಗುತ್ತೆ. ಇನ್ನು ಪರದೆ ಇವತ್ತು ಚೆನ್ನಾಗಿದ್ದರೂ ಇವತ್ತಿನ ಬ್ಯಾಕಪ್ ಇವತ್ತೇ ತೆಗೆದಿಡಿ.